ಉಪ್ಪು ನೋಡುವವಳು

ನಮ್ಮೂರಲ್ಲಿ ಯಾರ ಮನೆಯಲ್ಲಾದರೂ ಸಾವಾದರೆ, ಸುಡುಗಾಡಿಗೆ ಹೋದವರು ತಲೆಗೆ ನೀರು ಹಾಕಿಕೊಂಡು ಒಳಗೆ ಬರುವಷ್ಟರಲ್ಲಿ ಆ ಮನೆಗೊಂದು ಫೆರೆಟ್ ಬಂದಿರುತ್ತದೆ. ಎಲ್ಲಿಂದ ಬಂತು, ಯಾರು ಕಳಿಸಿದರು ಅಂತ ಯಾರೂ ಕೇಳುವುದಿಲ್ಲ. ಕೇಳಿ ಆಗಬೇಕಾದ್ದಾದರೂ ಏನು? ಮುಂಗುಸಿಯ ಹಾಗೆ ಉದ್ದ, ಆದರೆ ಅದಕ್ಕಿಂತ ಮೆತ್ತಗಿನ ಮೈ. ಬಂದದ್ದೇ ಸತ್ತವರು ಕೂರುತ್ತಿದ್ದ ಜಾಗ ಹುಡುಕಿಕೊಂಡು ಕೂತುಬಿಡುತ್ತದೆ. ನಮ್ಮತ್ತೆ ಪುಟ್ಟತಾಯಮ್ಮ ಹೋದಾಗ ಬಂದದ್ದು ನೇರವಾಗಿ ಉಪ್ಪಿನಕಾಯಿ ಜಾಡಿಯ ಪಕ್ಕ ಹೋಗಿ ಕೂತಿತು. ಇವತ್ತಿಗೂ ನಾನು ಜಾಡಿಗೆ ಕೈ ಹಾಕಿದರೆ ಹಲ್ಲು ತೋರಿಸುತ್ತದೆ. ಇದ್ದಾಗಲೂ ಅಷ್ಟೇ, ಹೋದ ಮೇಲೂ ಅಷ್ಟೇ. ಆದರೂ ಅದರ ಊಟ ಉಪಚಾರದಲ್ಲಿ ನಾನು ಒಂದು ದಿನವೂ ಹೆಚ್ಚುಕಮ್ಮಿ ಮಾಡಿದವಳಲ್ಲ. ಯಾಕೆಂದರೆ ಫೆರೆಟ್ ಸತ್ತರೆ ಹೆಸರು ಹೋಗುತ್ತದೆ.

ಹೋಗುತ್ತದೆ ಅಂದರೆ ಪೂರ್ತಿ ಹೋಗುತ್ತದೆ. ಫೆರೆಟ್ಟನ್ನು ಹೂತ ಮಣ್ಣು ಒಣಗಿ ಬೆಳ್ಳಗಾಯಿತೋ, ಸತ್ತವರ ಹೆಸರು ಊರಿನ ಒಬ್ಬರ ನಾಲಿಗೆಗೂ ಬರುವುದಿಲ್ಲ. ಎಲ್ಲಾದರೂ ಬರೆದಿಟ್ಟಿದ್ದರೆ ಅಕ್ಷರ ಕಣ್ಣಿಗೆ ಕಾಣುತ್ತದೆ, ಓದಲು ಬರುವುದಿಲ್ಲ. ನನಗೊಬ್ಬರು ಭಾವ ಇದ್ದರು, ಕೆಂಪು ವಲ್ಲಿ ಹೆಗಲಿಗೆ ಹಾಕಿಕೊಂಡು ಜೋರಾಗಿ ಸೀನುತ್ತಿದ್ದರು, ಅಷ್ಟು ಗೊತ್ತು. ಹೆಸರು ಕೇಳಿದರೆ ಬಾಯಿ ಕಟ್ಟಿದ ಹಾಗಾಗುತ್ತದೆ. ಅದಕ್ಕೇ ಈಗ ಹೇಳಹೊರಟಿರುವ ಮಗುವಿನ ಹೆಸರನ್ನು ನನ್ನ ಹತ್ತಿರ ಕೇಳಬೇಡಿ. ಹುಡುಗಿ ಅನ್ನುತ್ತೇನೆ. ಬೇರೆ ದಾರಿಯಿಲ್ಲ.

ಹುಡುಗಿ ನಮ್ಮ ಎದುರು ಮನೆಯ ಶೇಷಾಚಲ ಭಟ್ಟರ ಒಬ್ಬಳೇ ಮಗಳು. ಊರಿನಲ್ಲಿ ಮದುವೆ, ಮುಂಜಿ, ತಿಥಿ ಏನೇ ಇರಲಿ, ಯಾವ ಜಾತಿಯವರ ಮನೆಯದೇ ಇರಲಿ, ಅಡುಗೆ ಭಟ್ಟರದು. ಹೆಂಡತಿ ಬಾಣಂತನಕ್ಕೆ ತವರಿಗೆ ಹೋದವರು ಅಲ್ಲೇ ತೀರಿಕೊಂಡರು. ಫೆರೆಟ್ಟೂ ಅಲ್ಲಿಗೇ ಬಂತು. ಹೆಂಡತಿಯ ತಾಯಿಯೇ ಅದನ್ನು ಸಾಕಿದರು, ಅದು ವಯಸ್ಸಾಗಿ ಸತ್ತಿತು. ಭಟ್ಟರು ಹೆಂಡತಿಯನ್ನು ಒಂದು ದಿನವಾದರೂ ಹೆಸರು ಹಿಡಿದು ಕರೆದವರಲ್ಲ, ಹಳೇ ಕಾಲದವರ ಹಾಗೆ "ಲೇ, ಇವಳೇ" ಅನ್ನುತ್ತಿದ್ದರು. ಹೆಸರು ಹೋದಾಗ ತನಗೇನೂ ವ್ಯತ್ಯಾಸ ಆಗಲಾರದು ಅಂದುಕೊಂಡಿದ್ದರಂತೆ. ಆಮೇಲೆ ತಿಥಿಯ ದಿನ ಸಂಕಲ್ಪಕ್ಕೆ ಕೂತಾಗ, ಹೆಂಡತಿಯ ಹೆಸರು ಹೇಳಬೇಕಾದ ಜಾಗದಲ್ಲಿ ಏನೂ ಹೊರಡಲಿಲ್ಲ. ಕೈಯಲ್ಲಿದ್ದ ನೀರೆಲ್ಲ ಸೋರಿಹೋಯಿತು ಸಾಕಮ್ಮ ಅಂತ ನನ್ನ ಹತ್ತಿರ ಹೇಳಿಕೊಂಡು ಅತ್ತಿದ್ದರು.

ಆ ಸಂಕಟಕ್ಕೋ ಏನೋ, ಮಗಳ ಹೆಸರನ್ನು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಕರೆಯುತ್ತಲೇ ಇದ್ದರು. ಹೋದ ಕಡೆಗೆಲ್ಲ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಖಾಲಿ ಕೊಪ್ಪರಿಗೆಯಲ್ಲಿ ಕಂಬಳಿ ಹಾಸಿದರೆ ಅದೇ ಅವಳ ತೊಟ್ಟಿಲು, ಏಳು ವರ್ಷವಾದರೂ ಅದರಲ್ಲೇ ಮುದುರಿಕೊಂಡು ಮಲಗುತ್ತಿದ್ದಳು. ದ್ರಾಕ್ಷಿ ಗೋಡಂಬಿ ಕದ್ದು ಅಲ್ಲಲ್ಲಿ ಬಚ್ಚಿಟ್ಟು ಮರೆತುಬಿಡುವುದು ಅವಳ ಇನ್ನೊಂದು ಕಸುಬು. ಭಟ್ಟರದು ಹಳೇ ಕ್ರಮ: ಬಡಿಸುವ ಮುಂಚೆ ಅಡುಗೆಯವನು ರುಚಿ ನೋಡುವ ಹಾಗಿಲ್ಲ, ಎಂಜಲಾಗುತ್ತದೆ. ಮಕ್ಕಳಿಗೆ ಆ ದೋಷವಿಲ್ಲವಲ್ಲ, ಹಾಗಾಗಿ ಹುಳಿ ಕುದಿ ಬಂದ ಕೂಡಲೆ ಹೆಸರು ಹಿಡಿದು ಕರೆದು, "ಉಪ್ಪು ನೋಡು ಬಾ" ಅನ್ನುತ್ತಿದ್ದರು. ಅವಳು ಅಂಗೈ ಚಾಚಿ ಒಂದು ಹನಿ ಹಾಕಿಸಿಕೊಂಡು ನೆಕ್ಕಿ, ಯಾವಾಗಲೂ ಒಂದೇ ಮಾತು ಹೇಳುತ್ತಿದ್ದಳು: "ಇನ್ನೊಂಚೂರು." ಉಪ್ಪು ಎಷ್ಟೇ ಇದ್ದರೂ ಇನ್ನೊಂಚೂರೇ. ಅದು ಗೊತ್ತಿದ್ದ ಭಟ್ಟರು ಮೊದಲೇ ಒಂದು ಚಿಟಿಕೆ ತಡೆದು ಹಾಕಿ, ಅವಳು ಹೇಳಿದ ಮೇಲೆ ಆ ಚಿಟಿಕೆ ಸೇರಿಸುತ್ತಿದ್ದರು. ಅಪ್ಪ ಮಗಳ ಈ ಆಟದಲ್ಲಿ ಊರಿನ ಊಟ ಹದವಾಗುತ್ತಿತ್ತು.

ಅಂಥ ಮಗು ಜ್ವರ ಬಂದು ವಾರ ಕಳೆಯುವಷ್ಟರಲ್ಲಿ ಹೋಗಿಬಿಟ್ಟಿತು. ಭಟ್ಟರು ಒದ್ದೆ ಪಂಚೆಯಲ್ಲಿ ಮನೆಗೆ ಬಂದಾಗ ಕೊಪ್ಪರಿಗೆಯ ತಳದಲ್ಲಿ ಬಿಳಿ ಮೂತಿಯ ಪುಟ್ಟ ಫೆರೆಟ್ ಸುರುಳಿ ಸುತ್ತಿಕೊಂಡು ಮಲಗಿತ್ತು. ಅವರು ಹೆಸರು ಹಿಡಿದು ಕರೆದರು. ಅದು ತಲೆ ಎತ್ತಿ ನೋಡಿತು. ಬೀದಿಯವರೆಲ್ಲ ಬಾಗಿಲಲ್ಲಿ ನಿಂತಿದ್ದೆವು, ಭಟ್ಟರು ಅದರ ಮುಂದೆ ಕುಸಿದು ಕೂತದ್ದನ್ನು ನೋಡಲಾರದೆ ನಾನು ಹೊರಗೆ ಬಂದೆ.

ಈಗ ಅದರ ಊಟದ ಮಾತು. ಫೆರೆಟ್ಟಿಗೆ ಹಸಿ ಮಾಂಸವೇ ಆಗಬೇಕು, ಮೂಳೆ ಸಮೇತ. ಅನ್ನ ತಿನ್ನುವುದಿಲ್ಲ, ಹಾಲು ಕೊಟ್ಟರೆ ಭೇದಿ. ನಮ್ಮೂರ ಐಸ್ ಫ್ಯಾಕ್ಟರಿಯಲ್ಲಿ ಕೋಳಿ ಕತ್ತು, ಕೋಳಿ ಪಿಳ್ಳೆ, ಇಲಿ ಎಲ್ಲವೂ ಕಲ್ಲಿನಂತೆ ಗಡ್ಡೆಕಟ್ಟಿ ಪ್ಯಾಕೆಟ್ಟಿನಲ್ಲಿ ಸಿಗುತ್ತವೆ. ಅದನ್ನು ಕರಗಿಸಿ ಹಾಕುವ ಕ್ರಮವನ್ನು ಅಲ್ಲಿನ ಗೌಸ್ ಸಾಬರು ಹೊಸದಾಗಿ ಸಾವಾದ ಮನೆಯವರಿಗೆಲ್ಲ ಹೇಳಿಕೊಡುತ್ತಾರೆ. ಹಿಂದಿನ ದಿನವೇ ತೆಗೆದು, ಮುಚ್ಚಳದ ಡಬ್ಬಿಗೆ ಹಾಕಿ, ಫ್ರಿಜ್ಜಿನ ತೀರಾ ಕೆಳಗಿಡಬೇಕು, ರಸ ಸೋರಿ ಬೇರೆ ಪದಾರ್ಥಕ್ಕೆ ತಾಗಬಾರದು. ಅವಸರವಿದ್ದರೆ ಕವರಿನ ಬಾಯಿ ಬಿಗಿದು ತಣ್ಣೀರಿನಲ್ಲಿ ಮುಳುಗಿಸಿ, ನೀರು ಬದಲಾಯಿಸುತ್ತಾ ಕಾಯಬೇಕು. ಬಿಸಿನೀರು ಕೂಡದು, ಬಿಸಿಲು ಕೂಡದು, ಬೆಂಕಿಯಂತೂ ಕೂಡದೇ ಕೂಡದು. ಒಮ್ಮೆ ಕರಗಿದ್ದನ್ನು ಮತ್ತೆ ಐಸಿಗೆ ಹಾಕುವ ಹಾಗಿಲ್ಲ. ಸ್ವಲ್ಪ ಸ್ವಲ್ಪವೇ ಇಡಬೇಕು, ಮಿಕ್ಕಿದ್ದನ್ನು ಬೇಗ ಎತ್ತಬೇಕು, ಎಲ್ಲಾದರೂ ಮೂಲೆಗೆ ಎಳೆದುಕೊಂಡು ಹೋಗಿ ಬಚ್ಚಿಟ್ಟಿದೆಯೇ ಅಂತ ಹುಡುಕಬೇಕು. ಆಮೇಲೆ ತಟ್ಟೆಯನ್ನೂ ಕೈಯನ್ನೂ ಸೋಪು ಹಾಕಿ ತಿಕ್ಕಬೇಕು. ಕೊಳೆತದ್ದು ಒಂದು ಚೂರು ಹೊಟ್ಟೆಗೆ ಹೋದರೂ ಹೆಸರಿಗೇ ಸಂಚಕಾರ ಅನ್ನುವುದು ಸಾಬರ ಕೊನೆಯ ಮಾತು.

ಮೊಟ್ಟೆಯನ್ನೂ ಮುಟ್ಟದ ಭಟ್ಟರು ಇದನ್ನೆಲ್ಲ ಹೇಗೆ ಮಾಡಿಯಾರು ಅಂತ ನನಗೆ ಚಿಂತೆ. ನಾವು ತಿನ್ನುವ ಜನ, ನಾನೇ ದಿನಾ ಬಂದು ಹಾಕಿಹೋಗುತ್ತೇನೆ ಅಂದೆ. ಬೇಡ ಅಂದರು. "ನನ್ನ ಮಗೂಗೆ ನಾನು ಹಾಕದೆ ಇನ್ಯಾರು ಹಾಕ್ತಾರೆ?" ಅಂದರು. ಮೊದಮೊದಲು ಮೂಗಿಗೆ ವಲ್ಲಿ ಕಟ್ಟಿಕೊಂಡು, ಹಿತ್ತಿಲಲ್ಲಿ ಬೇರೆ ತಟ್ಟೆಯಿಟ್ಟು, ವಿಷ್ಣು ವಿಷ್ಣು ಅನ್ನುತ್ತಾ ಕೋಳಿ ಕತ್ತನ್ನು ಎರಡು ಬೆರಳಲ್ಲಿ ಹಿಡಿದು ಇಡುತ್ತಿದ್ದರು. ಒಂದೆರಡು ಸಲ ಬೇಲಿ ಹಿಡಿದುಕೊಂಡು ವಾಂತಿ ಮಾಡಿದ್ದನ್ನೂ ನೋಡಿದ್ದೇನೆ. ಮಾಂಸ ಮುಟ್ಟಿದ ಕೈಯಿಂದ ಅಡುಗೆ ಮಾಡಿಸುವುದು ಹೇಗೆ ಅಂತ ಅವರ ಜನ ಗೊಣಗಿದರು. ಆದರೆ ಯಾರ ಮನೆಯಲ್ಲಿ ಫೆರೆಟ್ ಇಲ್ಲ? ಎಲ್ಲರ ಮನೆ ದೋಸೆಯೂ ತೂತೇ. ಬಾಯಿ ಮುಚ್ಚಿಕೊಂಡರು.

ತಂಗಳು ಅಂದರೆ ಮೂಗು ಮುರಿಯುತ್ತಿದ್ದ ಮನುಷ್ಯ, ಜನ್ಮದಲ್ಲಿ ಬೇಡ ಅಂದಿದ್ದ ಫ್ರಿಜ್ಜನ್ನು ಮನೆಗೆ ತಂದರು. ಅವರಿಗೆ ಸಹಿಸಲು ಆಗದೇ ಇದ್ದದ್ದು ಒಂದೇ, ಆ ತಣ್ಣಗಿನ ಊಟ. ಊರಿಗೆಲ್ಲ ಹಬೆಯಾಡುವ ಅನ್ನ ಬಡಿಸಿ, ಸ್ವಂತ ಮಗಳಿಗೆ ಹೀಗೆ ತಣ್ಣಗೆ ಕೊರೆಯುವುದನ್ನು ಹಾಕುವುದೇ ಅಂತ ಕೊರಗುತ್ತಿದ್ದರು. ಕರಗಿದ ಮೇಲೆ ಕವರಿನ ಸಮೇತ ಅಂಗೈಗಳ ನಡುವೆ ಹಿಡಿದುಕೊಂಡು, ಆ ಚಳಿ ಬಿಡುವವರೆಗೆ ಜಗಲಿಯ ಮೇಲೆ ಕೂತಿರುತ್ತಿದ್ದರು. ಒಲೆಯ ಹತ್ತಿರ ಮಾತ್ರ ಒಯ್ಯಲಿಲ್ಲ. ಹಾಗೆ ಎರಡು ವರ್ಷ ಕಳೆಯಿತು. ಅದರ ಮೈ ಎಣ್ಣೆ ಹಚ್ಚಿದ ಹಾಗೆ ಮಿನುಗುತ್ತಿತ್ತು. ಹುಳಿ ಕುದಿ ಬಂದಾಗ ಹೆಸರು ಹಿಡಿದು ಕರೆದರೆ ಕೊಪ್ಪರಿಗೆಯಿಂದ ಧುಮುಕಿ ಬಂದು ಸೌಟನ್ನು ಮೂಸುತ್ತಿತ್ತು. ಭಟ್ಟರು ತಲೆಯಾಡಿಸಿ, ತಡೆದಿಟ್ಟ ಆ ಚಿಟಿಕೆ ಉಪ್ಪನ್ನು ಹಾಕುತ್ತಿದ್ದರು.

ಆ ಬೇಸಗೆಯಲ್ಲಿ ಬಿರುಗಾಳಿ ಎದ್ದು ಕರೆಂಟಿನ ಕಂಬಗಳು ಸಾಲಾಗಿ ಉರುಳಿದವು. ಐಸ್ ಫ್ಯಾಕ್ಟರಿ ನಿಂತಿತು, ಮನೆಮನೆಯ ಫ್ರಿಜ್ಜುಗಳೂ ಬೆಚ್ಚಗಾದವು. ಕರಗಿ ಬೆಚ್ಚಗಾದದ್ದನ್ನೆಲ್ಲ ಗುಂಡಿ ತೋಡಿ ಹೂಳಿ, ಕರೆಂಟು ಬರುವವರೆಗೆ ಅಂದಂದಿನ ಕೋಳಿ ತಂದು ಹಾಕಿ ಅಂತ ಗೌಸ್ ಸಾಬರು ಬೀದಿ ಬೀದಿಯಲ್ಲಿ ಹೇಳಿಕೊಂಡು ಬಂದರು. ಊರಿಗೆ ಊರೇ ಕೋಳಿ ಅಂಗಡಿಗೆ ಮುಗಿಬಿತ್ತು. ಭಟ್ಟರು ಆ ಹೊತ್ತಿಗೆ ಪಕ್ಕದ ಕೇರಿಯ ಗೃಹಪ್ರವೇಶದ ಅಡುಗೆಯಲ್ಲಿದ್ದರು. ಕೈ ಬಿಡುವಾಗಿ ಅಂಗಡಿಗೆ ಹೋದರೆ ಪುಕ್ಕ ಬಿಟ್ಟು ಏನೂ ಉಳಿದಿರಲಿಲ್ಲ. ನನ್ನ ಗಂಡ ಹೊಳೆಯಾಚೆಗೆ ಕೋಳಿ ತರಲು ಹೋಗಿದ್ದರು. ಅವರು ಬಂದ ಕೂಡಲೆ ಒಂದು ಪಾಲು ತಂದುಕೊಡುತ್ತೇನೆ, ಅಲ್ಲಿಯವರೆಗೆ ತಡೆಯಿರಿ ಅಂತ ಭಟ್ಟರಿಗೆ ಹೇಳಿ ನಾನು ಒಳಗೆ ಬಂದೆ.

ಭಟ್ಟರ ಮನೆಯಲ್ಲಿ ಫೆರೆಟ್ ಹಸಿದು ಅವರ ಕಾಲಿಗೆ ಸುತ್ತುತ್ತಿತ್ತು. ಅದರದು ಪುಟ್ಟ ಹೊಟ್ಟೆ, ಹೊತ್ತು ಹೊತ್ತಿಗೆ ಬೀಳದಿದ್ದರೆ ಸೋತುಹೋಗುತ್ತದೆ. ಭಟ್ಟರು ಫ್ರಿಜ್ಜಿನ ಬಾಗಿಲು ತೆಗೆದರು. ಡಬ್ಬಿಯಲ್ಲಿ ಕೋಳಿ ಕತ್ತು ಮೆತ್ತಗಾಗಿ ಕೂತಿತ್ತು. ಮೂಸಿ ನೋಡಿದರು. ಹಳಸಿದ ವಾಸನೆಯಿಲ್ಲ, ಹಾಗಂತ ಸರಿಯಿದೆ ಅಂತಲೂ ಅನ್ನಲಾಗದು. ಹೂಳಬೇಕಿತ್ತು. ಆದರೆ ಮೂವತ್ತು ವರ್ಷದ ಕಸುಬು ಕೈಯಲ್ಲಿ ಕೂತಿದೆಯಲ್ಲ. ಹುಳಿ ಕೆಡುವ ಅನುಮಾನ ಬಂದರೆ ಅಡುಗೆಯವನು ಏನು ಮಾಡುತ್ತಾನೆ? ಇನ್ನೊಂದು ಕುದಿ ಕುದಿಸುತ್ತಾನೆ. ಕುದಿಸಿದ್ದಕ್ಕೆ ದೋಷವಿಲ್ಲ ಅನ್ನುವುದು ಅವರ ಗುರುಗಳು ಹೇಳಿಕೊಟ್ಟ ಮೊದಲ ಪಾಠ. ಬೆಂಕಿ ಕೂಡದು ಅಂದರೆ ಬೆಂಕಿಯ ಮೇಲೆ ಕರಗಿಸಬಾರದು ಅಂತ ಅವರು ತಿಳಿದಿದ್ದರು. ಇದು ಹೇಗೂ ಕರಗಿದೆ. ಚೆನ್ನಾಗಿ ಕುದಿಸಿದರೆ ನಂಜೆಲ್ಲ ಹೋಗುತ್ತದೆ ಅಂದುಕೊಂಡು, ಒಲೆ ಹೊತ್ತಿಸಿ, ಹಿತ್ತಾಳೆ ಪಾತ್ರೆಯಲ್ಲಿ ನೀರಿಟ್ಟರು.

ನಾನು ಪಾಲು ತೆಗೆದುಕೊಂಡು ಹೋದಾಗ ಭಟ್ಟರು ಬೀಸಣಿಗೆ ಹಿಡಿದು ತಟ್ಟೆಯ ಮುಂದೆ ಕೂತಿದ್ದರು. ತಟ್ಟೆ ಖಾಲಿ. ಫೆರೆಟ್ ಅದರ ಅಂಚು ನೆಕ್ಕುತ್ತಿತ್ತು. ಎರಡು ವರ್ಷದಲ್ಲಿ ಅವರ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ.

"ಎಷ್ಟು ದಿನ ಆಗಿತ್ತು ಸಾಕಮ್ಮ, ನನ್ನ ಕೈಯಡಿಗೆ ತಿಂದು," ಅಂದರು. "ಒಂದು ಚೂರೂ ಬಿಡ್ಲಿಲ್ಲ ನೋಡು."

ಮೂಳೆ ಬಿಡಿಸಿ ಹಾಕಿದಿರಾ ಅಂತ ಕೇಳಿದೆ. ಯಾಕೆ ಬಿಡಿಸಬೇಕು, ದಿನಾ ಮೂಳೆ ಸಮೇತವೇ ತಾನೇ ತಿನ್ನುವುದು ಅಂದರು. ಕೋಳಿ ಸಾರು ಉಂಡ ಯಾರಿಗೇ ಆಗಲಿ ಬೆಂದ ಮೂಳೆ ಹಲ್ಲಿಗೆ ಸಿಕ್ಕರೆ ಹೇಗೆ ಸೀಳಿಕೊಳ್ಳುತ್ತದೆ ಅಂತ ಗೊತ್ತು. ಗೊತ್ತಿದ್ದದ್ದರಿಂದಲೇ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ತಿನ್ನದವರಿಗೆ ಅದು ತಿಳಿಯುವ ಬಗೆಯಾದರೂ ಯಾವುದು? ತಂದಿದ್ದ ಪಾಲನ್ನು ಅವರ ಕೈಗೆ ಕೊಟ್ಟೆ. ಎಷ್ಟೋ ಸಲ ಏನೂ ಆಗುವುದಿಲ್ಲ ಅಂತ ಮನಸ್ಸಿಗೆ ಸಮಾಧಾನ ಹೇಳಿಕೊಂಡೆ, ಮನೆಗೆ ಬಂದು ದೇವರಿಗೆ ಹರಕೆ ಕಟ್ಟಿದೆ.

ಮಾರನೆಯ ಬೆಳಗ್ಗೆ ಫೆರೆಟ್ ಬೆನ್ನು ಬಾಗಿಸಿಕೊಂಡು ಕೊಪ್ಪರಿಗೆಯಲ್ಲಿ ಕೂತಿತ್ತು. ಹಲ್ಲು ಕಡಿಯುತ್ತಿತ್ತು. ಹೆಸರು ಹಿಡಿದು ಕರೆದರೆ ಕಿವಿ ಅಲ್ಲಾಡಿಸಿತು, ಎದ್ದು ಬರಲಿಲ್ಲ. ನಾನೇ ಓಡಿಹೋಗಿ ದನದ ಡಾಕ್ಟರ್ ಮರಿಗೌಡರನ್ನು ಕರೆತಂದೆ. ಅವರು ಹೊಟ್ಟೆ ಮುಟ್ಟಿ ನೋಡಿ, ಏನು ಹಾಕಿದಿರಿ ಅಂತ ಕೇಳಿ, ಉತ್ತರ ಕೇಳಿದ ಮೇಲೆ ಕೈ ತೊಳೆದುಕೊಂಡರು. ಒಳಗೆ ಮೂಳೆ ಕರುಳಿಗೆ ಚುಚ್ಚಿದೆ, ಇಷ್ಟು ಪುಟ್ಟ ಜೀವಕ್ಕೆ ಕೊಯ್ದು ತೆಗೆಯುವ ದಾರಿ ತಮ್ಮ ಹತ್ತಿರ ಇಲ್ಲ ಅಂದರು.

"ಎರಡು ವರ್ಷದಿಂದ ಮೂಳೆ ತಿಂದಿದೆಯಲ್ಲ ಡಾಕ್ಟ್ರೇ?" ಅಂದರು ಭಟ್ಟರು.

"ಹಸಿ ಮೂಳೆ ಬಾಗುತ್ತೆ ಸ್ವಾಮಿ. ಬೆಂದದ್ದು ಸೀಳುತ್ತೆ."

ಭಟ್ಟರು ತಮ್ಮ ಕೈ ನೋಡಿಕೊಂಡರು. "ಊರೆಲ್ಲ ನನ್ನ ಕೈಯಡಿಗೆ ಉಂಡಿದೆ ಸಾಕಮ್ಮ," ಅಂದರು. "ಒಬ್ಬರಿಗೂ ಒಂದು ದಿನ ಹೊಟ್ಟೆನೋವು ಅಂತ ಬಂದಿಲ್ಲ."

ಡಾಕ್ಟರು ನೋವು ಕಡಿಮೆಯಾಗಲು ಒಂದು ಇಂಜೆಕ್ಷನ್ ಕೊಟ್ಟು ಹೋದರು. ಭಟ್ಟರು ಕೊಪ್ಪರಿಗೆಯ ಒಳಗೆ ಕೈ ಇಟ್ಟುಕೊಂಡೇ ಕೂತಿದ್ದರು. ಊಟದ ಹೊತ್ತು ಮೀರುವಷ್ಟರಲ್ಲಿ ಅದು ಅವರ ಬೆರಳಿನ ಮೇಲೆ ಮೂತಿಯಿಟ್ಟು ಸತ್ತಿತು.

ಫೆರೆಟ್ ಹೂತ ಮೇಲೆ ನೆರೆಹೊರೆಯವರು ಬಂದು ಹೊಸಲಿನ ಹೊರಗೆ ನಿಂತು ಸತ್ತವರ ಹೆಸರನ್ನು ಒಂದು ಸಲ ಗಟ್ಟಿಯಾಗಿ ಕರೆದು ಹೋಗುವುದು ನಮ್ಮಲ್ಲಿ ಪದ್ಧತಿ. ಕೊನೆಯ ಸಲ ಅನ್ನಿ. ಅವತ್ತು ಸಂಜೆ ಬೀದಿಗೆ ಬೀದಿಯೇ ಬಂದಿತ್ತು. ಗೌಸ್ ಸಾಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಕರೆದರು. ನಾನೂ ಕರೆದೆ. ಭಟ್ಟರು ಮಾತ್ರ ಕೊನೆಯದಾಗಿ ಕರೆಯಲು ಒಪ್ಪಲಿಲ್ಲ. ಹಿತ್ತಿಲ ಮಣ್ಣಿನ ಮೇಲೆ ಒಂದು ಬಿಂದಿಗೆ ನೀರು ಸುರಿದು, ಮಣ್ಣು ಒಣಗಿದರೆ ತಾನೇ ಅಂದರು.

ಇದು ಹೊಸದೇನಲ್ಲ. ಮಕ್ಕಳನ್ನು ಕಳೆದುಕೊಂಡವರೆಲ್ಲ ಮಾಡಿ ನೋಡಿರುವುದೇ. ಒಂದು ದಿನ, ಎರಡು ದಿನ, ಆಮೇಲೆ ಕೈ ಸೋಲುತ್ತದೆ. ಆದರೆ ಭಟ್ಟರದು ಅಡುಗೆಯವರ ರಟ್ಟೆ. ಕೊಪ್ಪರಿಗೆಯನ್ನು ಹಿತ್ತಿಲಿಗೆ ಉರುಳಿಸಿಕೊಂಡು ಹೋಗಿ, ಅದರ ತುಂಬ ನೀರು ತುಂಬಿಸಿ, ಪಕ್ಕದಲ್ಲೇ ಸೌಟು ಹಿಡಿದು ಕೂತರು. ಮಣ್ಣಿನ ಬಣ್ಣ ತಿರುಗಿದರೆ ಒಂದು ಸೌಟು. ಪ್ರತಿ ಸೌಟಿಗೂ ಹೆಸರು ಒಂದು ಸಲ. ಬಿಸಿಲು ಹೇಗಿತ್ತೆಂದರೆ ಸುರಿದ ನೀರು ಕಣ್ಣೆದುರೇ ಇಂಗಿಹೋಗುತ್ತಿತ್ತು. ಕರೆಂಟಿಲ್ಲದೆ ನಲ್ಲಿಯೂ ನಿಂತಿತ್ತು, ಬಾವಿಯ ನೀರು ತಳ ಕಂಡಿತ್ತು. ಆದರೂ ಬೀದಿಯ ಹೆಂಗಸರೆಲ್ಲ ತಮ್ಮ ಮನೆಗೆ ಸೇದಿದ್ದರಲ್ಲಿ ಒಂದೊಂದು ಕೊಡ ತಂದು ಆ ಕೊಪ್ಪರಿಗೆಗೆ ಹಾಕಿದೆವು. ಯಾರೂ ಇಷ್ಟೇ ಸಾಕು ಅನ್ನಲಿಲ್ಲ. ಮಲಗಿ, ನಾವು ನೋಡಿಕೊಳ್ಳುತ್ತೇವೆ ಅಂದರೆ ಕೇಳುತ್ತಿರಲಿಲ್ಲ. ಮಗಳಿಗೆ ಬೇರೆಯವರು ಬಡಿಸುವುದು ಬೇಡ ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ನಾನು ಬಾವಿಯಿಂದ ಕೊಡ ಹೊತ್ತು ಬರುತ್ತಿದ್ದೆ. ಭಟ್ಟರ ಮನೆ ಬಾಗಿಲು ದಾಟುತ್ತಾ, ಅವರಿಗೆ ಕೇಳಲಿ ಅಂತ, "ಭಟ್ರೇ, ನೀರು ತಂದಿದೀನಿ," ಅಂದೆ. ಯಾರಿಗೆ ಅಂತ ಹೇಳಹೊರಟೆ. ನಾಲಿಗೆ ಮೇಲೆ ಎದ್ದಿತು, ಅಲ್ಲೇ ನಿಂತಿತು. ಹೇಳಬೇಕಾದ್ದು ಅಲ್ಲಿರಲಿಲ್ಲ. ಬೆಳಗಿನಿಂದ ನೂರು ಸಲ ಕಿವಿಗೆ ಬಿದ್ದಿದ್ದ ಹೆಸರು. ಕೊಡ ಸೊಂಟದಿಂದ ಜಾರಿ ಅಂಗಳದ ತುಂಬ ನೀರಾಯಿತು.

ಹಿತ್ತಿಲಿಗೆ ಹೋದೆ. ಭಟ್ಟರು ಕೊಪ್ಪರಿಗೆಗೆ ತಲೆಯಾನಿಸಿ ಕೂತಲ್ಲೇ ನಿದ್ದೆ ಹೋಗಿದ್ದರು. ಸೌಟು ಇನ್ನೂ ಕೈಯಲ್ಲಿತ್ತು, ಕೊಪ್ಪರಿಗೆಯಲ್ಲಿ ಅರ್ಧದಷ್ಟು ನೀರೂ ಇತ್ತು. ಮಣ್ಣು ಬೆಳ್ಳಗೆ ಬಿರುಕು ಬಿಟ್ಟಿತ್ತು. ಎಬ್ಬಿಸಲು ನನಗೆ ಮನಸ್ಸಾಗಲಿಲ್ಲ. ಎದ್ದ ಮೇಲೆ ಅಭ್ಯಾಸದಂತೆ ಒಂದು ಸೌಟು ನೀರೆತ್ತಿ, ಸುರಿದು, ಬಾಯಿ ತೆರೆದರು. ಹಾಗೇ ಬಹಳ ಹೊತ್ತು ತೆರೆದುಕೊಂಡೇ ಇದ್ದರು. ನಾನು ಹತ್ತಿರ ಹೋಗಿ ಸೌಟು ತೆಗೆದುಕೊಂಡೆ, ಬಿಟ್ಟರು.

ಆಮೇಲೆ ಸಾಕಷ್ಟು ದಿನ ಭಟ್ಟರು ಒಲೆ ಹೊತ್ತಿಸಲಿಲ್ಲ. ಮಳೆಗಾಲ ಕಳೆದು ನಮ್ಮಣ್ಣನ ಮಗಳ ಮದುವೆ ಬಂದಾಗ ನಾನೇ ಹೋಗಿ ಕರೆದೆ. ನೀವು ಬರದಿದ್ದರೆ ನಮ್ಮ ಮದುವೆಗೆ ಊಟವೇ ಇಲ್ಲ ಅಂದೆ. ಬಂದರು. ಸೌದೆ ಜೋಡಿಸುವುದು, ಬೇಳೆ ಬೇಯಿಸುವುದು, ಹದ ನೋಡುವುದು, ಕೈ ಏನನ್ನೂ ಮರೆತಿರಲಿಲ್ಲ. ನಾನು ಪಕ್ಕದಲ್ಲಿ ಕುಂಬಳಕಾಯಿ ಹೆಚ್ಚುತ್ತಾ ಕೂತಿದ್ದೆ. ಹುಳಿ ಕುದಿ ಬಂತು. ಭಟ್ಟರು ಮುಚ್ಚಳ ಸರಿಸಿ, ಬಾಗಿಲ ಕಡೆ ತಿರುಗಿ, ಉಸಿರೆಳೆದುಕೊಂಡರು. ಹೆಸರಿರಬೇಕಾದ ಜಾಗದಷ್ಟು ಹೊತ್ತು ಸುಮ್ಮನಿದ್ದು, ಆಮೇಲೆ, "ಉಪ್ಪು ನೋಡು ಬಾ," ಅಂದರು.

ಅಡುಗೆಮನೆಯಲ್ಲಿದ್ದವರೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ತಲೆ ತಗ್ಗಿಸಿದರು. ನಾನು ಎದ್ದು ಹೋಗಿ ಅಂಗೈ ಚಾಚಿದೆ. ಅವರು ಒಂದು ಹನಿ ಹಾಕಿದರು. ಒಂದು ಚಿಟಿಕೆ ಉಪ್ಪು ಕಡಿಮೆಯಿತ್ತು. ಇನ್ನೊಂಚೂರು ಅನ್ನಬಹುದಿತ್ತು, ಆ ಮಾತು ನನ್ನ ಬಾಯಿಗೆ ಬರಲಿಲ್ಲ. ಅದು ನಾನು ಆಡುವ ಮಾತಲ್ಲ.

"ಸರಿಯಾಗಿದೆ ಭಟ್ರೇ," ಅಂದೆ.

ಅವತ್ತಿನಿಂದ ನಮ್ಮೂರ ಊಟಕ್ಕೆ ಒಂದು ಚಿಟಿಕೆ ಉಪ್ಪು ಕಡಿಮೆ. ಪರ ಊರಿನಿಂದ ಬಂದ ನೆಂಟರು ಎಲೆಯ ಮುಂದೆ ಕೂತು ಉಪ್ಪು ಕೇಳುತ್ತಾರೆ. ನಮ್ಮವರು ಯಾರೂ ಕೇಳುವುದಿಲ್ಲ, ಹಾಗೇ ಕಲಸಿಕೊಂಡು ಉಣ್ಣುತ್ತೇವೆ.